ಗೌದಿಯ ಬೆಳ್ಳಿ ನಾಣ್ಯಗಳು: ಮೂರರಲ್ಲಿ ನಾನು ಕೊಂಡದ್ದು ಒಂದನ್ನು

ವಾಸ್ತುಶಿಲ್ಪಿ ಆಂಟೊನಿ ಗೌದಿ ಹುಟ್ಟಿ ನೂರೈವತ್ತು ವರ್ಷವಾದ 2002ರಲ್ಲಿ ಸ್ಪೇನ್ ಹತ್ತು ಯೂರೋ ಮುಖಬೆಲೆಯ ಮೂರು ಬೆಳ್ಳಿ ನಾಣ್ಯಗಳನ್ನು ಹೊರತಂದಿತು. ಮೂರರಲ್ಲೂ ಅವನದೇ ಕೃತಿಗಳು: ಒಂದರಲ್ಲಿ ಬಾರ್ಸಿಲೋನಾದ ಕಾಸಾ ಮಿಲಾ ಕಟ್ಟಡ, ಇನ್ನೊಂದರಲ್ಲಿ ಅದೇ ಊರಿನ ಉದ್ಯಾನ ಪಾರ್ಕ್ ಗ್ವೆಲ್, ಮತ್ತೊಂದರಲ್ಲಿ ಉತ್ತರದ ಕೊಮಿಯಾಸ್‌ನಲ್ಲಿರುವ ಮನೆ ಎಲ್ ಕಾಪ್ರಿಚೊ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ ಕಾಸಾ ಮಿಲಾ ಒಂದನ್ನೇ ಕೊಂಡೆ.

ಕೊಂಡ ಜಾಗಕ್ಕೂ ಗೌದಿಯ ನಂಟಿದೆ. ಬಾರ್ಸಿಲೋನಾದ ಪ್ಲಾಸಾ ರೆಯಾಲ್ ಚೌಕದ ಕಮಾನುಗಳ ಕೆಳಗೆ ಭಾನುವಾರ ಬೆಳಿಗ್ಗೆ ನಾಣ್ಯ ಮತ್ತು ಅಂಚೆಚೀಟಿಗಳ ಸಂತೆ ಸೇರುತ್ತದೆ. ಚೌಕದ ನಡುವೆ ಆರು ಕೈಗಳ ದೀಪದ ಕಂಬಗಳಿವೆ. ತುದಿಯಲ್ಲಿ ರೆಕ್ಕೆಯ ಶಿರಸ್ತ್ರಾಣ. ಅವು ಗೌದಿ ಇಪ್ಪತ್ತರ ಹರೆಯದಲ್ಲಿ ವಿನ್ಯಾಸ ಮಾಡಿದವು. ಆ ಊರಲ್ಲೇ ಕೆಲಸದಲ್ಲಿರುವ ಮಗಳು, "ಅಮ್ಮಾ, ನಾಣ್ಯ ಆಮೇಲೆ, ಮೊದಲು ಕಂಬ ನೋಡು" ಎಂದಳು. ನನ್ನ ಕಣ್ಣು ಬೆಳ್ಳಿಯ ಮೇಲೇ ಇತ್ತು. ದಾವಣಗೆರೆಯಲ್ಲಿ ಅಪ್ಪನ ಬೆಳ್ಳಿ ಅಂಗಡಿಯ ಗಲ್ಲಾದ ಪಕ್ಕ ಕೂತು ಬೆಳೆದವಳಿಗೆ ಅದು ಸಹಜ.

ಹಾಗಾಗಿ ಮೊದಲು ಲೋಹದ ಮಾತು. ತೂಕ 27 ಗ್ರಾಂ, ಎರಡು ತೊಲಕ್ಕಿಂತ ಸ್ವಲ್ಪ ಹೆಚ್ಚು. ಅಡ್ಡಳತೆ 40 ಮಿಲಿಮೀಟರ್. ಶುದ್ಧತೆ ಸಾವಿರಕ್ಕೆ 925, ಎಂದರೆ ಅಪ್ಪಟ ಬೆಳ್ಳಿ ಸುಮಾರು 25 ಗ್ರಾಂ. ದೀಪಾವಳಿಗೆ ಕೊಳ್ಳುವ ಲಕ್ಷ್ಮಿ ನಾಣ್ಯದಲ್ಲಿ 999 ಎಂದು ಬರೆದಿರುತ್ತದೆ, ಇದರಲ್ಲೇಕೆ ಕಡಿಮೆ ಎಂದು ಕೇಳುವವರಿದ್ದಾರೆ. ಅಪ್ಪಟ ಬೆಳ್ಳಿ ಮೆತ್ತಗೆ. ಸ್ವಲ್ಪ ತಾಮ್ರ ಬೆರೆತರೆ ಗಟ್ಟಿಯಾಗಿ ಸವೆತ ತಡೆಯುತ್ತದೆ. ಹತ್ತು ಯೂರೋ ಎಂದು ಅಚ್ಚಾಗಿದ್ದರೂ ಅದು ಚಲಾವಣೆಗೆ ಯೋಗ್ಯವಾಗಿರುವುದು ಸ್ಪೇನ್‌ನಲ್ಲಿ ಮಾತ್ರ. ಹಾಗೆ ಖರ್ಚು ಮಾಡುವ ದಡ್ಡರೂ ಇರಲಾರರು.

ಇನ್ನು ಅಚ್ಚಿನ ಕೆಲಸ. ಚಿತ್ರದ ಹಿಂದಿನ ನೆಲ ಕನ್ನಡಿಯಂತೆ ನುಣುಪು, ಉಬ್ಬಿದ ಚಿತ್ರಭಾಗ ಮಾತ್ರ ಮಂಜು ಕೂತಂತೆ ಬಿಳುಪು. ಈ ಎರಡು ಹೊಳಪುಗಳ ಆಟ ಕಾಸಾ ಮಿಲಾಕ್ಕೆ ಹೇಳಿ ಮಾಡಿಸಿದಂತಿದೆ. ಆ ಕಟ್ಟಡಕ್ಕೆ ಊರವರು ಇಟ್ಟ ಹೆಸರು ಲಾ ಪೆದ್ರೆರಾ, ಕಲ್ಲುಗಣಿ. ಮುಂಗೋಡೆಗೆ ಬಣ್ಣವಿಲ್ಲ, ಇರುವುದು ಬಾಗಿ ಬಳುಕುವ ಕಲ್ಲು. ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಸ್ವಲ್ಪವೇ ಓರೆ ಮಾಡಿದರೆ ನೆರಳು ಗೋಡೆಯ ತಿರುವುಗಳಲ್ಲಿ ಸರಿಯುತ್ತದೆ. ನಿಜವಾದ ಕಟ್ಟಡದ ಮುಂದೆ ಮಧ್ಯಾಹ್ನ ನಿಂತಾಗ ಕಂಡದ್ದೂ ಅದೇ.

ಉಳಿದೆರಡರಲ್ಲಿ ಇದು ಸಾಧ್ಯವಾಗಿಲ್ಲ. ಎಲ್ ಕಾಪ್ರಿಚೊದ ಜೀವ ಇರುವುದು ಗೋಡೆಯುದ್ದಕ್ಕೂ ಸಾಲಾಗಿ ಕೂರಿಸಿದ ಸೂರ್ಯಕಾಂತಿ ಟೈಲ್ಸ್‌ಗಳ ಹಳದಿ, ಹಸಿರಿನಲ್ಲಿ. ಪಾರ್ಕ್ ಗ್ವೆಲ್ ಎಂದರೆ ಒಡೆದ ಟೈಲ್ಸ್ ಚೂರುಗಳ ಬಣ್ಣದ ಜಾತ್ರೆ. ಬೆಳ್ಳಿಗೆ ಇಳಿಸಿದಾಗ ಎಲ್ಲವೂ ಬಿಳಿ, ಬೂದು. ಅಚ್ಚಿನ ಕೆಲಸದಲ್ಲಿ ಲೋಪವಿಲ್ಲ, ಆಯ್ಕೆಯೇ ಒಗ್ಗಲಿಲ್ಲ. ಇನ್ನೊಂದು ಕೊರತೆ: ಗೌದಿ ಕುರ್ಚಿ ಮಾಡಿದ, ಬಾಗಿಲ ಹಿಡಿ ಮಾಡಿದ. ಅವನ ಹಿತ್ತಾಳೆ ಹಿಡಿಗಳು ಬೆರಳುಗಳ ಅಚ್ಚಿಗೆ ತಕ್ಕಂತೆ ಬಾಗಿವೆ. ಅಂಥದ್ದೊಂದು ಹಿಡಿಯನ್ನು ನಾಣ್ಯದ ಮೇಲೆ ತಂದಿದ್ದರೆ ಎರಡನೆಯದನ್ನೂ ಕೊಳ್ಳುತ್ತಿದ್ದೆ!

ವ್ಯಾಪಾರದ ವಿಷಯ ಹೇಳಿಬಿಡುತ್ತೇನೆ. ಅರವತ್ತು ಯೂರೋ ಕೇಳಿದರು, ಐವತ್ತಕ್ಕೆ ಇಳಿದರು. ಬೇರೊಬ್ಬರ ಬಳಿ ಅಗ್ಗಕ್ಕಿತ್ತು, ಆದರೆ ಪ್ರಮಾಣಪತ್ರ ಇರಲಿಲ್ಲ. ಅದರ ಕನ್ನಡಿ ನೆಲದ ಮೇಲೆ ಯಾರದೋ ಹೆಬ್ಬೆರಳ ಗುರುತು ಕಂದಾಗಿ ಉಳಿದಿತ್ತು. ಅಂಥದ್ದನ್ನು ತಳ್ಳಿಬಿಡಿ, ಅದು ಹೋಗುವ ಕಲೆಯಲ್ಲ. ಕಪ್ಪಾಗಿದೆಯೆಂದು ಮನೆಯ ಆರತಿ ತಟ್ಟೆಯ ಜೊತೆ ವಿಭೂತಿ ಹಾಕಿ ಉಜ್ಜಲೂ ಬೇಡಿ. ಒಂದು ಸಲ ಉಜ್ಜಿದರೆ ಕನ್ನಡಿ ಹೋಯಿತು, ಬೆಲೆಯೂ ಹೋಯಿತು. ಪ್ಲಾಸ್ಟಿಕ್ ಡಬ್ಬಿಯೊಳಗೇ ಇರಲಿ.

ಕಾಸಾ ಮಿಲಾ ನಾಣ್ಯವನ್ನು ಧೈರ್ಯವಾಗಿ ಕೊಳ್ಳಿ. ಪಾರ್ಕ್ ಗ್ವೆಲ್ ನಾಣ್ಯಕ್ಕೆಂದು ತೆಗೆದಿಟ್ಟ ಹಣದಲ್ಲಿ ಪಾರ್ಕಿನ ಟಿಕೆಟ್ಟನ್ನೇ ತೆಗೆದುಕೊಂಡು ಬಣ್ಣ ನೋಡಿಕೊಂಡು ಬನ್ನಿ.