ಒಂದೇ ಸ್ವಿಚ್ಚಿನ ಲೂಪರ್ ಪೆಡಲ್: ಮೂರು ಮಳೆಗಾಲ ಕಳೆದ ಮೇಲೆ

ಗಿಟಾರ್ ಕಲಿಯುವವರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ಬೇಗ ಕಲಿತುಬಿಡುತ್ತಾರೆ, ಸ್ಕೇಲ್‌ಗಳೂ ಬೆರಳಿಗೆ ಕೂರುತ್ತವೆ. ಎರಡನ್ನೂ ಕೂಡಿಸಿ ಸ್ವಂತದ್ದೊಂದು ನಾಲ್ಕು ಸಾಲು ನುಡಿಸಿ ಅಂದರೆ ಮಾತ್ರ ಕೈ ನಿಂತುಹೋಗುತ್ತದೆ. ಯಾಕೆಂದರೆ ಆ ಅಭ್ಯಾಸಕ್ಕೆ ಕಾರ್ಡ್ ಹಿಡಿಯುವ ಇನ್ನೊಂದು ಜೊತೆ ಕೈ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವಿನ ಒಂಟಿಮನೆಯಲ್ಲಿ ಇರುವವರಿಗೆ ಅದು ಸಿಗುವುದಿಲ್ಲ, ಶಿವಮೊಗ್ಗ ಪೇಟೆಯಲ್ಲೂ ದಿನಾ ಸಿಗುವುದಿಲ್ಲ. ಆ ಕೊರತೆಗೆ ಕೊಂಡದ್ದು ಈ ಲೂಪರ್, ಅಂದರೆ ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಸುತ್ತಿಸಿ ಕೇಳಿಸುವ, ಕಾಲಲ್ಲಿ ಒತ್ತುವ ಪೆಡಲ್. ಒಂದು ಸ್ವಿಚ್, ಒಂದು ವಾಲ್ಯೂಮ್ ನಾಬ್, ಐದು ನಿಮಿಷದ ಮೆಮೊರಿ, 9 ವೋಲ್ಟ್ ಅಡಾಪ್ಟರ್, ಒಳಗೆ ಬ್ಯಾಟರಿಗೆ ಜಾಗವಿಲ್ಲ. ಈ ಜಾತಿಯ ಪೆಡಲ್‌ಗಳನ್ನು ಹಲವು ಕಂಪನಿಗಳು ಮಾಡುತ್ತವೆ, ನಡತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೆಸರು ಬಿಟ್ಟು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಒಮ್ಮೆ ಒತ್ತಿದರೆ ರೆಕಾರ್ಡ್. ಇನ್ನೊಮ್ಮೆ ಒತ್ತಿದರೆ ರೆಕಾರ್ಡ್ ಮುಗಿದು ಅದೇ ತುಣುಕು ಸುತ್ತತೊಡಗುತ್ತದೆ. ಮೂರನೇ ಸಲ ಒತ್ತಿದರೆ ಅದರ ಮೇಲೆ ಇನ್ನೊಂದು ಪದರ. ಒತ್ತಿ ಹಿಡಿದರೆ ಕೊನೆಯ ಪದರ ಅಳಿಯುತ್ತದೆ, ಬೇಗ ಎರಡು ಸಲ ತಟ್ಟಿದರೆ ನಿಲ್ಲುತ್ತದೆ. ಇಷ್ಟೇ. ಕಲಿಯಲು ಹತ್ತು ನಿಮಿಷ ಸಾಕು, ಆದರೆ ಕಾಲು ಸರಿಯಾದ ಹೊತ್ತಿಗೆ ಬೀಳುವುದಕ್ಕೆ ಎರಡು ವಾರ ಹಿಡಿಯುತ್ತದೆ.

ಹೊಸಬರೆಲ್ಲ ಎಡವುವುದು ಇಲ್ಲೇ. ನಾಲ್ಕು ಬಾರ್ (ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ರೆಕಾರ್ಡ್ ಮಾಡುವಾಗ ನಾಲ್ಕನೇ ಬಾರ್‌ನ ನಾಲ್ಕನೇ ಎಣಿಕೆ ಬಂತು ಅಂದಕೂಡಲೇ ಕಾಲು ಒತ್ತಿಬಿಡುತ್ತಾರೆ. ಆಗ ಲೂಪ್‌ನಲ್ಲಿ ಒಂದು ಎಣಿಕೆಯಷ್ಟು ಕಡಿಮೆಯಾಗಿ ಪ್ರತಿ ಸುತ್ತಿನಲ್ಲೂ ಮುಗ್ಗರಿಸುತ್ತದೆ. ಒತ್ತಬೇಕಾದದ್ದು ಮುಂದಿನ ಸುತ್ತಿನ ‘ಒಂದು’ ಬೀಳುವ ಕ್ಷಣಕ್ಕೆ. ಆದಿತಾಳ ಹಾಕಿ ರೂಢಿಯಿದ್ದವರು ಹೀಗೆ ಲೆಕ್ಕ ಹಾಕಬಹುದು: ಎರಡು ಬಾರ್ ಒಂದು ಆವರ್ತ, ನಾಲ್ಕು ಬಾರ್ ಎರಡು ಆವರ್ತ, ಮೂರನೇ ಆವರ್ತದ ಸಮದ ಮೇಲೆ ಕಾಲು. ಕಾಲು ಒತ್ತುವಾಗ ಕೈ ನಿಲ್ಲಿಸಬಾರದು. ಮೊದಲ ಕಾರ್ಡನ್ನು ಮತ್ತೆ ಹೊಡೆಯುತ್ತಲೇ ಒತ್ತಬೇಕು. ಇನ್ನೊಂದು ಉಪಾಯ, ಮೊದಲ ಸುತ್ತನ್ನು ರೆಕಾರ್ಡ್ ಮಾಡಲೇಬೇಡಿ. ಒಂದು ಸುತ್ತು ಸುಮ್ಮನೆ ನುಡಿಸಿ ಕೈ ಹದಕ್ಕೆ ಬಂದ ಮೇಲೆ ಎರಡನೇ ಸುತ್ತಿನ ಆರಂಭಕ್ಕೆ ಒತ್ತಿ. ಕಿವಿಯಲ್ಲಿ ಟಕ್ ಟಕ್ ಎಂದು ಎಣಿಕೆ ಕೊಡುವ ಮೊಬೈಲಿನ ಮೆಟ್ರೊನೋಮ್ ಇರಲಿ, ವೇಗ ನಿಮಿಷಕ್ಕೆ 80 ಎಣಿಕೆ.

ಐದು ನಿಮಿಷ ಸಾಕಾಗುತ್ತದೆಯೇ ಎಂದು ಕೊಳ್ಳುವ ಮುಂಚೆ ಎಲ್ಲರೂ ಕೇಳುತ್ತಾರೆ. 80ರ ವೇಗದಲ್ಲಿ ನಾಲ್ಕು ಬಾರ್ ಅಂದರೆ 12 ಸೆಕೆಂಡು, ಹನ್ನೆರಡು ಬಾರ್‌ನ ಬ್ಲೂಸ್ ಪೂರ್ತಿ ಒಂದು ಸುತ್ತು 36 ಸೆಕೆಂಡು. ಅಭ್ಯಾಸಕ್ಕೆ ಒಂದು ನಿಮಿಷಕ್ಕಿಂತ ಉದ್ದದ ಲೂಪ್ ಬೇಕಾಗುವುದೇ ಅಪರೂಪ. ಹೆಚ್ಚು ಮೆಮೊರಿಗೆಂದು ದುಡ್ಡು ಸುರಿಯಬೇಡಿ.

ಯಾವ ಕಾರ್ಡ್ ಸರಣಿಯಿಂದ ಶುರು ಮಾಡುವುದು? ಎ ಮೈನರ್ 7 ಎರಡು ಬಾರ್, ಡಿ7 ಎರಡು ಬಾರ್. ನಮ್ಮ ಕಡೆ ಕರ್ನಾಟಕ ಸಂಗೀತದ ಪಾಠ ಆಗಿರುವವರು ಬಹಳ ಜನ ಇರುವುದರಿಂದ ಇದನ್ನೇ ಮೊದಲಿಗೆ ಹೇಳುತ್ತೇನೆ: ಎ ಸ್ವರವನ್ನು ಷಡ್ಜ ಮಾಡಿಕೊಂಡರೆ ಇದರ ಮೇಲೆ ಖರಹರಪ್ರಿಯದ ಏಳೂ ಸ್ವರ ಸಲೀಸಾಗಿ ಕೂರುತ್ತವೆ. ಎ ಮೈನರ್ ಇರುವಾಗ ಸಾಧಾರಣ ಗಾಂಧಾರದ ಮೇಲೆ, ಡಿ7 ಬಂದಾಗ ಚತುಶ್ರುತಿ ಧೈವತದ ಮೇಲೆ ನಿಲ್ಲಿ. ಅವೆರಡೂ ಆಯಾ ಕಾರ್ಡ್‌ನ ಮೂರನೇ ಸ್ವರ, ಅಂದರೆ ಸಿ ಮತ್ತು ಎಫ್ ಶಾರ್ಪ್. ಬೇರೇನೂ ನುಡಿಸದೆ ಈ ಎರಡೇ ಸ್ವರವನ್ನು ಐದು ನಿಮಿಷ ಹಿಡಿದು ನೋಡಿ, ಕಾರ್ಡ್ ಬದಲಾಗುವುದು ಕಿವಿಗೆ ಮೊದಲೇ ಗೊತ್ತಾಗತೊಡಗುತ್ತದೆ.

ಜಿ, ಡಿ, ಇ ಮೈನರ್, ಸಿ, ತಲಾ ಒಂದು ಬಾರ್, ಎಲ್ಲರ ಕೈಗೂ ಬರುವ ಸರಣಿ. ಇದರ ಮೇಲೆ ಮೋಹನದ ಐದು ಸ್ವರ, ಅಂದರೆ ಜಿ, ಎ, ಬಿ, ಡಿ, ಇ, ಓಡಿಸಿದರೆ ಎಲ್ಲೂ ಅಪಸ್ವರ ಕೇಳುವುದಿಲ್ಲ. ಕೇಳದಿರುವುದೇ ಇಲ್ಲಿ ತೊಂದರೆ. ಡಿ ಕಾರ್ಡ್‌ನ ಮೂರನೇ ಸ್ವರ ಎಫ್ ಶಾರ್ಪ್, ಅದು ಕಾಕಲಿ ನಿಷಾದ, ಮೋಹನದಲ್ಲಿ ಇಲ್ಲ. ರಾಗ ಹಾಡಿ ಬಂದವರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ. ಹಾಗಾಗಿ ಡಿ ಬಂದಾಗಲೂ ಜಿ ಮೇಲೇ ಇದ್ದಂತೆ ಕೇಳಿಸುತ್ತದೆ. ತಂಬೂರಿಯ ಮುಂದೆ ಷಡ್ಜ ಕದಲುವುದಿಲ್ಲ. ಕಾರ್ಡ್ ಸರಣಿಯಲ್ಲಿ ಪ್ರತಿ ಬಾರ್‌ಗೂ ಕಾಲ ಕೆಳಗಿನ ನೆಲ ಸರಿಯುತ್ತದೆ. ಈ ವ್ಯತ್ಯಾಸ ಬಾಯಿಮಾತಲ್ಲಿ ಎಷ್ಟು ಹೇಳಿದರೂ ಹತ್ತುವುದಿಲ್ಲ, ಲೂಪ್ ಮುಂದೆ ಒಂದು ಸಂಜೆ ಕೂತರೆ ಹತ್ತುತ್ತದೆ. ಜಿಗೆ ಬಿ, ಡಿಗೆ ಎಫ್ ಶಾರ್ಪ್, ಇ ಮೈನರ್‌ಗೆ ಜಿ, ಸಿಗೆ ಇ. ಈ ನಾಲ್ಕನ್ನು ಬಾರ್‌ನ ಮೊದಲ ಎಣಿಕೆಗೆ ತಪ್ಪದೆ ತಲುಪುವಂತಾದರೆ ನಡುವಿನ ದಾರಿ ಹೇಗಾದರೂ ಇರಲಿ, ಕೇಳುವವರಿಗೆ ಅದು ರಚನೆಯಂತೆ ಕೇಳುತ್ತದೆ.

ಪೆಡಲ್‌ಗೆ ಕೊಟ್ಟ ಹಣ ವಸೂಲಾಗುವುದು ಮಾತ್ರ ಬ್ಲೂಸ್‌ನಲ್ಲಿ. ತೋರುಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತುವ ಪೂರ್ತಿ ‘ಬ್ಯಾರೆ’ ಕಾರ್ಡ್ ಹಿಡಿದು ರೆಕಾರ್ಡ್ ಮಾಡಿದರೆ ಲೂಪ್ ಕಿಕ್ಕಿರಿದು ಮೇಲಿನ ಲೀಡ್‌ಗೆ, ಅಂದರೆ ಒಂದೊಂದೇ ಸ್ವರ ನುಡಿಸುವ ಸಾಲಿಗೆ, ಜಾಗವೇ ಇರುವುದಿಲ್ಲ. ಮೂರೇ ತಂತಿ ಸಾಕು. ಎ7ಗೆ ಆರನೇ ತಂತಿ ಐದನೇ ಫ್ರೆಟ್, ನಾಲ್ಕನೇ ತಂತಿ ಐದು, ಮೂರನೇ ತಂತಿ ಆರು. ಐದನೇ ತಂತಿಯನ್ನು ತೋರುಬೆರಳಿನ ತುದಿಯಿಂದ ಮುಟ್ಟಿ ಮೌನ ಮಾಡಿ. ಡಿ7ಗೆ ಐದನೇ ತಂತಿ ಐದು, ನಾಲ್ಕನೇ ತಂತಿ ನಾಲ್ಕು, ಮೂರನೇ ತಂತಿ ಐದು. ಗಮನಿಸಿ, ಮೇಲಿನ ಎರಡೂ ಬೆರಳು ಒಂದೊಂದು ಫ್ರೆಟ್ ಹಿಂದಕ್ಕೆ ಬಂದವು, ಅಷ್ಟೆ. ಇ7ಗೆ ಐದನೇ ತಂತಿ ಏಳು, ನಾಲ್ಕನೇ ತಂತಿ ಆರು, ಮೂರನೇ ತಂತಿ ಏಳು. ಎ7 ಇದ್ದಲ್ಲಿಂದ ಒಂದು ಫ್ರೆಟ್ ಮುಂದಕ್ಕೆ. ಇಡೀ ಬ್ಲೂಸ್ ಆ ಎರಡು ತಂತಿಗಳ ಮೇಲೆ ಒಂದು ಫ್ರೆಟ್ ಹಿಂದೆ, ಒಂದು ಫ್ರೆಟ್ ಮುಂದೆ ಜಾರುತ್ತದೆ. ಲೀಡ್ ನುಡಿಸುವಾಗಲೂ ಇದೇ ದಾರಿ: ಎ7 ಮೇಲೆ ಸಿ ಶಾರ್ಪ್, ಡಿ7 ಬಂದ ಕ್ಷಣಕ್ಕೆ ಸಿ. ಐದನೇ ಫ್ರೆಟ್ಟಿನ ಮೈನರ್ ಪೆಂಟಾಟೋನಿಕ್, ಅಂದರೆ ನಮ್ಮ ಶುದ್ಧ ಧನ್ಯಾಸಿ, ಅದನ್ನೇ ಹನ್ನೆರಡು ಬಾರ್ ಪೂರ್ತಿ ಮೇಲೆ ಕೆಳಗೆ ತಿರುಗಿಸುವವರಿಗೆ ಈ ಒಂದು ಫ್ರೆಟ್ಟಿನ ಬದಲಾವಣೆ ಹೊಸ ಬಾಗಿಲನ್ನೇ ತೆರೆಯುತ್ತದೆ.

ಜೊತೆಗೆ ನುಡಿಸಲೆಂದೇ ರೆಕಾರ್ಡ್ ಮಾಡಿಟ್ಟ ಬ್ಯಾಕಿಂಗ್ ಟ್ರ್ಯಾಕ್ ಅಥವಾ ಐರಿಯಲ್ ಪ್ರೊದಂಥ ಆ್ಯಪ್ ಇರುವಾಗ ಪೆಡಲ್ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆ್ಯಪ್‌ನಲ್ಲಿ ಬಾಸ್, ಡ್ರಮ್ ಎರಡೂ ಬರುತ್ತವೆ, ಶ್ರುತಿ ಮತ್ತು ವೇಗವನ್ನು ಬೇಕಾದ ಹಾಗೆ ಬದಲಿಸಬಹುದು. ಜಾಸ್‌ನ ಉದ್ದ ಸರಣಿಗಳಿಗೆ ಅದೇ ಮೇಲು. ಆದರೆ ಅಲ್ಲಿ ಕಾರ್ಡ್ ನುಡಿಸುವುದು ಯಂತ್ರ. ಲೂಪರ್‌ನಲ್ಲಿ ನಿಮ್ಮದೇ ಸ್ಟ್ರಮ್ಮಿಂಗ್ ನಿಮಗೇ ಇಪ್ಪತ್ತೈದು ಸಲ ಕೇಳಿಸುತ್ತದೆ. ಓಡಿದ ಎಣಿಕೆ, ಝೇಂಕರಿಸಿದ ತಂತಿ, ಅರ್ಧ ಬಿದ್ದ ಕಾರ್ಡ್ ಯಾವುದೂ ಅಡಗಿ ಕೂರುವುದಿಲ್ಲ. ಆರು ತಿಂಗಳಲ್ಲಿ ಲೀಡ್‌ಗಿಂತ ಹೆಚ್ಚಾಗಿ ರಿದಂ ಸುಧಾರಿಸಿದ್ದು ಇದರಿಂದಲೇ.

ಸದ್ದಿನ ಹೊಂದಾಣಿಕೆಗೆ ಎರಡು ಮಾತು. ಲೂಪ್ ರೆಕಾರ್ಡ್ ಮಾಡುವಾಗ ಗಿಟಾರಿನ ವಾಲ್ಯೂಮ್ 7ರಲ್ಲಿ ಇಡಿ, ಲೀಡ್‌ಗೆ 10. ಸದ್ದನ್ನು ಒರಟು ಮಾಡುವ ಓವರ್‌ಡ್ರೈವ್ ಪೆಡಲ್ ಇದ್ದರೆ ಅದು ಲೂಪರ್‌ಗಿಂತ ಮುಂಚೆ ಇರಬೇಕು. ಆಮೇಲೆ ಇಟ್ಟರೆ ಲೂಪ್, ಲೀಡ್ ಎರಡೂ ಒಟ್ಟಿಗೇ ಅದರೊಳಗೆ ಹಾದು ಕಲಸಿಹೋಗುತ್ತವೆ.

ಇನ್ನು ಮಲೆನಾಡಿನ ಕಷ್ಟಗಳು. ಮೊದಲನೆಯದು ಕರೆಂಟು. ಪುನರ್ವಸು ಮಳೆ ಹಿಡಿಯಿತೆಂದರೆ ಸಂಜೆಯ ಅಭ್ಯಾಸವನ್ನು ಕರೆಂಟಿನ ಮೇಲೆ ನಂಬಿ ಕೂರುವಂತಿಲ್ಲ. ಪವರ್ ಬ್ಯಾಂಕಿನ 5 ವೋಲ್ಟನ್ನು 9ಕ್ಕೆ ಏರಿಸುವ ಯುಎಸ್‌ಬಿ ಕೇಬಲ್ ಬರುತ್ತದೆ, ಅದರಲ್ಲೇ ಹೆಚ್ಚಿನ ಮಳೆಗಾಲ ಕಳೆದದ್ದು. ಕೆಲವು ಕೇಬಲ್‌ಗಳಲ್ಲಿ ಕೀಂ ಎಂಬ ಸಣ್ಣ ಸದ್ದು ಸೇರುತ್ತದೆ, ಕೊಳ್ಳುವಾಗ ಆಂಪ್‌ಗೆ ಹಾಕಿ ಕೇಳಿಯೇ ಕೊಳ್ಳಿ. ಪಿನ್ನಿನ ನಡುಭಾಗ ನೆಗೆಟಿವ್ ಇರಬೇಕು. ಮನೆಯಲ್ಲಿ ಬಿದ್ದಿರುವ ವೈಫೈ ರೂಟರಿನ ಅಡಾಪ್ಟರ್ ಸರಿಯಾಗಿ ಕೂತರೂ ಹಾಕಬೇಡಿ: ಸಾಮಾನ್ಯವಾಗಿ ಅದರ ನಡುಭಾಗ ಪಾಸಿಟಿವ್, ಎಷ್ಟೋ ಸಲ 12 ವೋಲ್ಟ್. ಪೆಡಲ್ ಸುಡಲು ಅಷ್ಟು ಸಾಕು.

ಎರಡನೆಯದು ತೇವ. ಎರಡನೇ ಮಳೆಗಾಲದ ನಡುವೆ ಸ್ವಿಚ್ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತೆ ಆಗತೊಡಗಿತು: ರೆಕಾರ್ಡ್ ಶುರುವಾದ ಕ್ಷಣವೇ ಮುಗಿದು, ಒಂದು ಚೂರು ಸದ್ದು ಟಕಟಕ ಎಂದು ಸುತ್ತುತ್ತಿತ್ತು. ಸ್ವಿಚ್ ಒಳಗಿನ ಲೋಹದ ತುದಿಗಳಿಗೆ ಕಿಲುಬು ಹತ್ತಿದರೆ ಹೀಗಾಗುತ್ತದೆ. ಕರೆಂಟ್ ತೆಗೆದು, ತಳದ ನಾಲ್ಕು ಸ್ಕ್ರೂ ಬಿಚ್ಚಿ, ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಸಿಂಪಡಿಸಿ, ಮೂವತ್ತು ನಲವತ್ತು ಸಲ ಒತ್ತಿ ಬಿಟ್ಟು, ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಸರಿಹೋಯಿತು. ಜಾಕ್ ಕರಕರ ಅಂದರೆ ಪಿನ್ನನ್ನು ಹತ್ತು ಸಲ ಒಳಗೆ ಹೊರಗೆ ಆಡಿಸಿದರೆ ಬಹುತೇಕ ಸಾಕು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಡಲ್ ಇರುವುದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ಎರಡು ಹಿಡಿ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ ಕಾಳು ಹಸಿರಿಗೆ ತಿರುಗಿತೆಂದರೆ ತೇವ ತುಂಬಿದೆ ಎಂದು ಲೆಕ್ಕ, ಬದಲಿಸಬೇಕು.

ಹಂಚಿನ ಮಾಡಿನ ಮೇಲೆ ಮಳೆ ಧೋ ಎಂದು ಸುರಿಯುವಾಗ ಹತ್ತು ವಾಟ್‌ನ ಆಂಪ್ ಕೇಳುವುದೇ ಇಲ್ಲ. ಆಂಪ್‌ನ ಹೆಡ್‌ಫೋನ್ ಜಾಕ್ ಬಳಸಿ; ಪೆಡಲ್‌ಗೇ ನೇರವಾಗಿ ಹೆಡ್‌ಫೋನ್ ಚುಚ್ಚಿದರೆ ಸದ್ದು ಕ್ಷೀಣವಾಗಿ, ಒಂದೇ ಕಿವಿಗೆ ಬರುತ್ತದೆ.

ಮನೆಯ ಅಭ್ಯಾಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಗಣಪತಿ ಪೆಂಡಾಲಿನಲ್ಲೋ ಕಾಲೇಜು ವೇದಿಕೆಯಲ್ಲೋ ಬಳಸುವ ಯೋಚನೆ ಇದ್ದರೆ ಮಾತ್ರ ಎರಡು ಸ್ವಿಚ್ಚಿನದನ್ನೇ ಕೊಳ್ಳಿ. ಒಂದೇ ಸ್ವಿಚ್ಚಿನಲ್ಲಿ ನಿಲ್ಲಿಸಲು ಎರಡು ಸಲ ತಟ್ಟಬೇಕು, ಎರಡನೇ ತಟ್ಟು ಬೀಳುವಷ್ಟರಲ್ಲಿ ಮುಂದಿನ ಸುತ್ತಿನ ಮೊದಲ ಕಾರ್ಡ್ ಚೂರು ಕೇಳಿಸಿಬಿಡುತ್ತದೆ.