ಎಲ್ಲ ಕುಕಿಗಳನ್ನೂ ಅಳಿಸಬೇಕೇ? ನಾನು ಪರೀಕ್ಷಿಸಿದ ನಾಲ್ಕು ದಾರಿಗಳು

ಕಳೆದ ತಿಂಗಳು ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಾಗ, ಪಾಸ್‌ವರ್ಡ್ ಕೊಟ್ಟ ಕೂಡಲೇ ಜಾಲತಾಣವು ಒಂದು ಪುಟದಿಂದ ಇನ್ನೊಂದಕ್ಕೆ ಅಲೆದಾಡಿ, ಕೊನೆಗೆ ಕ್ರೋಮ್ ದೋಷದ ಪುಟವನ್ನು ತೋರಿಸಿ ನಿಂತುಬಿಟ್ಟಿತು. ‘ಕ್ಯಾಶೆ, ಕುಕಿ ಎಲ್ಲ ಕ್ಲಿಯರ್ ಮಾಡಿ’ ಎಂಬ ಸಲಹೆ ಎಲ್ಲರಿಂದಲೂ ಬಂತು; ಅಂದರೆ ಬ್ರೌಸರ್ ಉಳಿಸಿಕೊಂಡ ಪುಟಗಳ ಪ್ರತಿಗಳನ್ನೂ (ಕ್ಯಾಶೆ), ತಾಣಗಳು ಅದರಲ್ಲಿ ಇಟ್ಟ ಗುರುತಿನ ಚಿಕ್ಕ ಮಾಹಿತಿಗಳನ್ನೂ (ಕುಕಿ) ಅಳಿಸಬೇಕಂತೆ. ಹಾಗೆ ಮಾಡಿ ಹಿಂದೊಮ್ಮೆ ಕಷ್ಟಪಟ್ಟಿದ್ದರಿಂದ, ಈ ಬಾರಿ ಚಿಕ್ಕ ಉಪಾಯದಿಂದ ಆರಂಭಿಸಿದೆ.

ಮೊದಲನೆಯದು ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತುವುದು. ಆಗ ಬ್ರೌಸರ್ ತನ್ನಲ್ಲಿ ಉಳಿಸಿಕೊಂಡ ಚಿತ್ರ ಮತ್ತು ಸ್ಕ್ರಿಪ್ಟುಗಳ ಹಳೆಯ ಪ್ರತಿಗಳನ್ನು ಬಿಟ್ಟು, ಪುಟವನ್ನು ಸರ್ವರಿನಿಂದ ಹೊಸದಾಗಿ ತರಿಸುತ್ತದೆ. ವಿನ್ಯಾಸ ಕೆಟ್ಟ ಪುಟಕ್ಕೆ ಇದು ಸಾಕು. ಕುಕಿಗಳನ್ನು ಮುಟ್ಟುವುದಿಲ್ಲವಾದ್ದರಿಂದ ನನ್ನ ಲಾಗಿನ್ ತೊಂದರೆ ಹಾಗೆಯೇ ಉಳಿಯಿತು.

ಎರಡನೆಯ ದಾರಿಯಾಗಿ ತೆರೆದ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಅದೇ ಲಾಗಿನ್ ಸರಾಗವಾಗಿ ಆಯಿತು. ಆ ಕಿಟಕಿಗೆ ಹಳೆಯ ಕುಕಿಗಳು ಕಾಣುವುದಿಲ್ಲ, ಸಾಮಾನ್ಯವಾಗಿ ಎಕ್ಸ್‌ಟೆನ್ಶನ್‌ಗಳೂ (ಬ್ರೌಸರಿಗೆ ನಾವು ಸೇರಿಸಿಕೊಂಡ ಹೆಚ್ಚುವರಿ ಸಾಧನಗಳು) ಅಲ್ಲಿ ಓಡುವುದಿಲ್ಲ. ಆದ್ದರಿಂದ ದೋಷ ಇರುವುದು ಸರ್ವರಿನಲ್ಲಲ್ಲ, ನನ್ನ ಬ್ರೌಸರಿನಲ್ಲೇ ಎಂಬುದು ಖಚಿತವಾಯಿತು. ಆದರೆ ಇದು ರೋಗಪರೀಕ್ಷೆಯಷ್ಟೇ, ಚಿಕಿತ್ಸೆಯಲ್ಲ.

ಚಿಕಿತ್ಸೆ ಸಿಕ್ಕಿದ್ದು ಆ ಒಂದೇ ತಾಣದ ಕುಕಿಗಳನ್ನು ಅಳಿಸಿದಾಗ. ಬಂದವರು ಯಾರೆಂಬುದನ್ನು ನೆನಪಿಡದ ಸರ್ವರಿಗೆ ಗುರುತಿನ ಚೀಟಿಯಂತೆ ಕೆಲಸ ಮಾಡಲೆಂದು 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ರೂಪಿಸಿದ್ದೇ ಈ ಕುಕಿ. ಚೀಟಿಯಲ್ಲಿ ಅವಧಿ ಮೀರಿದ ಗುರುತು ಉಳಿದಿದ್ದರೆ, ಒಂದು ಪುಟ ‘ಒಳಗೆ ಬಂದಿದ್ದೀರಿ’ ಎಂದು ಮುಂದಕ್ಕೆ ಕಳುಹಿಸುತ್ತದೆ, ಇನ್ನೊಂದು ‘ಬಂದಿಲ್ಲ’ ಎಂದು ಹಿಂದಕ್ಕೆ ದೂಡುತ್ತದೆ. ಇಂಥ 20 ಅಲೆದಾಟಗಳ ನಂತರ ಕ್ರೋಮ್ ಪ್ರಯತ್ನವನ್ನು ಕೈಬಿಡುತ್ತದೆ. ವಿಳಾಸದ ಎಡಗಡೆಯ ಗುರುತನ್ನು ಒತ್ತಿ, ಕುಕಿಗಳು ಮತ್ತು ಸೈಟ್ ಡೇಟಾ ವಿಭಾಗಕ್ಕೆ ಹೋಗಿ ಅಳಿಸಲು ಅರ್ಧ ನಿಮಿಷ ಸಾಕಾಯಿತು. ಫೈರ್‌ಫಾಕ್ಸ್‌ನಲ್ಲೂ ಇದೇ ಸ್ಥಳದಲ್ಲಿ ಈ ಸೌಲಭ್ಯವಿದೆ. ಎರಡು ಎಚ್ಚರಿಕೆಗಳು ಮುಖ್ಯ: ಬ್ರೌಸರಿನಲ್ಲಷ್ಟೇ ಉಳಿದಿರುವ ಅರ್ಧ ತುಂಬಿದ ಕರಡು ಇದ್ದರೆ ಅದೂ ಅಳಿಯಬಹುದು; ಲಾಗಿನ್ ಬೇರೊಂದು ವಿಳಾಸದ ಮೂಲಕ ಸಾಗುವುದಾದರೆ ಆ ವಿಳಾಸದ ಕುಕಿಗಳನ್ನೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ತೆಗೆಯಬೇಕಾಗುತ್ತದೆ. ‘ಕುಕಿ ತೀರಾ ದೊಡ್ಡದಾಗಿದೆ’ ಎಂಬ 400ರ ದೋಷ ಬಂದಾಗಲೂ ನಾನು ಮೊದಲು ಮಾಡುವುದು ಇದನ್ನೇ.

ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ ಎಲ್ಲವನ್ನೂ ಅಳಿಸುವುದು ಕೊನೆಯ ದಾರಿ. ಹಿಂದೊಮ್ಮೆ ಹೀಗೆ ಮಾಡಿದಾಗ ತೊಂದರೆ ನೀಗಿತಾದರೂ, ಬಹುತೇಕ ಎಲ್ಲ ತಾಣಗಳಿಂದ ಹೊರಬಿದ್ದು, ಒಟಿಪಿ ಬರುವ ಫೋನು ಊರಲ್ಲಿದ್ದ ಅಣ್ಣನ ಬಳಿ ಇದ್ದುದರಿಂದ ಎರಡು ದಿನ ಕಾಯಬೇಕಾಯಿತು. ಅನಿವಾರ್ಯವಾದರೆ ಮೊದಲು ಕ್ಯಾಶೆಯನ್ನು ಮಾತ್ರ ಆರಿಸಿ ನೋಡಬೇಕು, ಪಾಸ್‌ವರ್ಡುಗಳ ಆಯ್ಕೆ ಅಲ್ಲಿದ್ದರೆ ಅದರ ಮುಂದಿನ ಗುರುತನ್ನು ಮರೆಯದೆ ತೆಗೆಯಬೇಕು. ಐಫೋನಿನ ಸಫಾರಿಯಲ್ಲಿ ಚರಿತ್ರೆ ಮತ್ತು ತಾಣಗಳ ಡೇಟಾ ಒಂದೇ ಆಜ್ಞೆಗೆ ಹೋಗಿಬಿಡುತ್ತವೆ. ಒಂದೇ ತಾಣದ್ದನ್ನು ತೆಗೆಯಲು ಸಫಾರಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಬೇಕು. ನಾನು ಹಿಂದೆಮುಂದೆ ನೋಡದೆ ಎಲ್ಲವನ್ನೂ ಅಳಿಸುವುದು ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ, ಅರ್ಜಿ ಸಲ್ಲಿಸಿ ಏಳುವ ಮುನ್ನ.