ಹಗುರ ಲಿನಕ್ಸಿನಲ್ಲಿ ವೈಫೈ ಪ್ರಿಂಟರ್: ನಾನು ಪ್ರಯತ್ನಿಸಿದ ದಾರಿಗಳ ಹೋಲಿಕೆ

ಮನೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ. ಒಂದು 2 ಜಿಬಿ ರ‍್ಯಾಮ್ ಇರುವ, 32 ಬಿಟ್ ಆಟಮ್ ಪ್ರೊಸೆಸರಿನ ನೆಟ್‌ಬುಕ್. ಅದರಲ್ಲಿ ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23 ಎಂಬ ಹಗುರ ಲಿನಕ್ಸ್ ಇದೆ. ಇನ್ನೊಂದು 64 ಬಿಟ್ ಲ್ಯಾಪ್‌ಟಾಪ್. ಅದರಲ್ಲಿ ಲುಬುಂಟು ಎಂಬ ಇನ್ನೊಂದು ಹಗುರ ಲಿನಕ್ಸ್ ಇದೆ. ಪ್ರಿಂಟರುಗಳೂ ಎರಡು: ವೈಫೈ ಇರುವ ಕಪ್ಪು-ಬಿಳುಪಿನ ಲೇಸರ್ ಒಂದು, ಯುಎಸ್‌ಬಿ ತಂತಿಯನ್ನಲ್ಲದೆ ಬೇರೇನನ್ನೂ ಅರಿಯದ ಹಳೆಯ ಲೇಸರ್ ಇನ್ನೊಂದು. ಎರಡೂ ಕಂಪ್ಯೂಟರುಗಳಿಂದ ಎರಡೂ ಪ್ರಿಂಟರುಗಳಿಗೆ ತಂತಿ ಬದಲಾಯಿಸದೆ ಮುದ್ರಿಸುವಂತಾಗಬೇಕು ಎಂದು ಹೊರಟು, ನಾಲ್ಕು ದಾರಿಗಳನ್ನು ಒಂದೊಂದಾಗಿ ಬಳಸಿ ನೋಡಿದೆ. ಪ್ರಿಂಟರ್ ಕೆಲಸ ಮಾಡದಿದ್ದಾಗ ಎಲ್ಲರೂ ಮೊದಲು ದೂರುವುದು ಡ್ರೈವರನ್ನು, ಅಂದರೆ ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಅರ್ಥಮಾಡಿಸುವ ತಂತ್ರಾಂಶವನ್ನು. ಹಗುರ ಲಿನಕ್ಸಿನಲ್ಲಿ ನನಗೆ ಕಂಡಂತೆ ಬಹುಪಾಲು ತೊಂದರೆ ಇರುವುದು ಅಲ್ಲಲ್ಲ. ಕಂಪ್ಯೂಟರಿಗೆ ಪ್ರಿಂಟರ್ ಎಲ್ಲಿದೆ ಎಂಬುದೇ ತಿಳಿಯದಿರುವುದರಲ್ಲಿ.

ಯಾವ ದಾರಿ ಹಿಡಿದರೂ ಕೆಳಗೆ ದುಡಿಯುವುದು ಕಪ್ಸ್ ಎಂಬ ಒಂದೇ ಮುದ್ರಣ ತಂತ್ರಾಂಶ. ಮೈಕೆಲ್ ಸ್ವೀಟ್ 1997ರಲ್ಲಿ ಬರೆಯಲು ಆರಂಭಿಸಿದ ಇದನ್ನು 2007ರಲ್ಲಿ ಆಪಲ್ ಕೊಂಡುಕೊಂಡಿತು. ಈಗ ಲಿನಕ್ಸ್ ಬಳಕೆದಾರರಿಗೆ ಬರುವ ಕಪ್ಸ್ ಅನ್ನು ಓಪನ್‌ಪ್ರಿಂಟಿಂಗ್ ಬಳಗ ನೋಡಿಕೊಳ್ಳುತ್ತಿದೆ. ನೆಟ್‌ಬುಕ್ಕಿನಲ್ಲಿ ಜಾಗ ಉಳಿಸುವ ಉದ್ದೇಶದಿಂದ, ಶಿಫಾರಸು ಪಟ್ಟಿಯಲ್ಲಿ ಬರುವ ಪ್ಯಾಕೇಜುಗಳನ್ನೆಲ್ಲ ಬಿಟ್ಟು ಕಪ್ಸ್ ಮತ್ತು ಕಪ್ಸ್-ಫಿಲ್ಟರ್ಸ್ ಎರಡನ್ನೇ ಹಾಕಿಕೊಂಡೆ. ಎರಡನೆಯದನ್ನು ಬಿಡುವಂತಿಲ್ಲ, ಪಿಡಿಎಫ್ ಪುಟವನ್ನು ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸುವ ಕೆಲಸ ಅದರದ್ದು. ಆಂಟಿಎಕ್ಸ್‌ನಲ್ಲಿ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ ಇಲ್ಲವಾದ್ದರಿಂದ ಬಹುತೇಕ ಮಾರ್ಗದರ್ಶಿಗಳು ಹೇಳುವ ಸಿಸ್ಟಮ್‌ಸಿಟಿಎಲ್ ಆದೇಶ ಅಲ್ಲಿ ನಡೆಯುವುದಿಲ್ಲ. ಹಳೆಯ ಸರ್ವಿಸ್ ಆದೇಶದಿಂದಲೇ ಕಪ್ಸ್ ಅನ್ನು ಚಾಲೂ ಮಾಡಬೇಕು. ಬಳಕೆದಾರರ ಹೆಸರನ್ನು ಪ್ರಿಂಟರ್ ನಿರ್ವಹಿಸುವ ಅಧಿಕಾರವಿರುವ ಎಲ್‌ಪಿಅಡ್ಮಿನ್ ಗುಂಪಿಗೆ ಸೇರಿಸಿದ ಮೇಲೆ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ, ಅಂದರೆ ಅದೇ ಕಂಪ್ಯೂಟರಿನ, 631ನೆಯ ಪೋರ್ಟನ್ನು (ಜಾಲದ ಮಾತುಕತೆಗೆ ಇರುವ ಅಂಕಿ ಹಾಕಿದ ಬಾಗಿಲು) ತೆರೆದರೆ ಕಪ್ಸ್‌ನ ಪುಟ ಕಾಣಿಸುತ್ತದೆ. ಪ್ರಿಂಟರ್ ಜೋಡಿಸಲೆಂದೇ ಇರುವ ಬೇರೆ ಕಿಟಕಿ ತಂತ್ರಾಂಶವನ್ನು ಹಾಕಿಕೊಳ್ಳದೆ ಎಲ್ಲವನ್ನೂ ಆ ಪುಟದಿಂದಲೇ ಮುಗಿಸಬಹುದು.

ಮೊದಲ ದಾರಿ ಡ್ರೈವರ್ ಇಲ್ಲದ ಮುದ್ರಣ. 2010ರಲ್ಲಿ ಐಫೋನಿಗೆ ಏರ್‌ಪ್ರಿಂಟ್ ಬಂದ ಮೇಲೆ ಪ್ರಿಂಟರ್ ತಯಾರಕರು ತಮ್ಮ ಯಂತ್ರಗಳಿಗೆ ಐಪಿಪಿ ಎಂಬ ಸಮಾನ ಭಾಷೆಯನ್ನು ಕಲಿಸಲೇಬೇಕಾಯಿತು. ಲಿನಕ್ಸ್ ಬಳಸುವ ಐಪಿಪಿ ಎವೆರಿವೇರ್ ಕೂಡ ಅದೇ ಭಾಷೆಯ ನೆಲೆಯ ಮೇಲೆ ನಿಂತಿದೆ. ಪ್ರಿಂಟರ್ ತನ್ನ ಹೆಸರನ್ನು ಜಾಲದಲ್ಲಿ ತಾನೇ ಸಾರುತ್ತದೆ, ಕಂಪ್ಯೂಟರಿನಲ್ಲಿರುವ ಅವಾಹಿ ಅದನ್ನು ಕೇಳಿಸಿಕೊಳ್ಳುತ್ತದೆ, ಕಪ್ಸ್ ಆ ಪ್ರಿಂಟರನ್ನೇ ಕೇಳಿ ಕಾಗದದ ಅಳತೆ, ಎರಡು ಬದಿಯ ಮುದ್ರಣ, ರೆಸಲ್ಯೂಶನ್ ಮುಂತಾದವನ್ನು ತಿಳಿದುಕೊಳ್ಳುತ್ತದೆ. ಲುಬುಂಟುವಿನಲ್ಲಿ ನಾನು ಏನನ್ನೂ ಮಾಡಬೇಕಾಗಲಿಲ್ಲ. ಮುದ್ರಣದ ಕಿಟಕಿ ತೆರೆದಾಗ ಪ್ರಿಂಟರಿನ ಹೆಸರು ಅಲ್ಲಿ ಬಂದು ಕೂತಿತ್ತು.

ಆಂಟಿಎಕ್ಸ್‌ನಲ್ಲಿ ಪಟ್ಟಿ ಖಾಲಿಯಾಗಿತ್ತು. ಶಿಫಾರಸು ಪ್ಯಾಕೇಜುಗಳೊಂದಿಗೆ ಅವಾಹಿಯನ್ನೂ ನಾನೇ ಹೊರಗೆ ಬಿಟ್ಟಿದ್ದೆ ಎಂಬುದು ಹೊಳೆಯಲು ಒಂದು ಸಂಜೆ ಹಿಡಿಯಿತು. ಅವಾಹಿಯನ್ನು ಹಾಕಿದ ಮೇಲೆ ಹೆಸರೇನೋ ಕಾಣಿಸಿತು, ಆದರೆ ಕಳುಹಿಸಿದ ಪುಟ ಸರದಿಯಲ್ಲೇ ನಿಂತಿತು; .ಲೋಕಲ್ ಎಂದು ಕೊನೆಯಾಗುವ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸಿಕೊಡುವ ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್ ಎಂಬ ಇನ್ನೊಂದು ಪುಟ್ಟ ಪ್ಯಾಕೇಜ್ ಕೂಡ ಬೇಕಿತ್ತು. ಅದೂ ಬಂದ ಮೇಲೆ ಎರಡು ದಿನ ಎಲ್ಲವೂ ಸುಗಮವಾಗಿ ನಡೆಯಿತು. ಮೂರನೆಯ ದಿನ ಪ್ರಿಂಟರ್ ನಿದ್ರೆಗೆ ಜಾರಿದ್ದಾಗ ಹೆಸರು ಮತ್ತೆ ಮಾಯವಾಯಿತು. ರೌಟರಿನಲ್ಲಿ ಅತಿಥಿಗಳಿಗೆಂದು ತೆರೆದಿಟ್ಟ ವೈಫೈಗೆ ನೆಟ್‌ಬುಕ್ ತಪ್ಪಿ ಸೇರಿಕೊಂಡರೂ ಇದೇ ಕಥೆ; ಅಂಥ ಜಾಲಗಳಲ್ಲಿ ಸಾಮಾನ್ಯವಾಗಿ ಒಂದು ಯಂತ್ರ ಇನ್ನೊಂದನ್ನು ಕಾಣದಂತೆ ತಡೆ ಇರುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಪ್ರಿಂಟರನ್ನು ಹುಡುಕುವುದು ಒಂದು ಕೆಲಸ, ಅದಕ್ಕೆ ಪುಟ ಕಳುಹಿಸುವುದು ಇನ್ನೊಂದು ಕೆಲಸ. ಐಪಿಪಿಯಲ್ಲಿ ಎರಡನೆಯದು ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಹಾಗಿದ್ದರೆ ಹುಡುಕಾಟವನ್ನೇ ಕೈಬಿಡಬಹುದಲ್ಲ ಎಂದು, ರೌಟರಿನಲ್ಲಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರಿಗೆ 192.168.1.50 ಎಂಬ ವಿಳಾಸವನ್ನು ಕಾಯ್ದಿರಿಸಿದೆ. ಬಳಿಕ ಪ್ರಿಂಟರನ್ನು ಕಪ್ಸ್‌ಗೆ ಸೇರಿಸುವ ಎಲ್‌ಪಿಅಡ್ಮಿನ್ ಆದೇಶದಲ್ಲಿ ಮಾದರಿಯ ಜಾಗಕ್ಕೆ ಎವೆರಿವೇರ್ ಎಂದು ಕೊಟ್ಟು, ವಿಳಾಸದ ಜಾಗದಲ್ಲಿ ಐಪಿಪಿ ಎಂಬ ಮೂರಕ್ಷರದ ನಂತರ ಆ ಅಂಕಿಗಳನ್ನೂ, ಅದರ ಮುಂದೆ ಓರೆಗೆರೆಗಳ ನಡುವೆ ಐಪಿಪಿ ಮತ್ತು ಪ್ರಿಂಟ್ ಎಂಬ ಎರಡು ಪದಗಳನ್ನೂ ಬರೆದೆ. ಈ ಆದೇಶ ಕೊಡುವಾಗ ಪ್ರಿಂಟರ್ ಆನ್ ಆಗಿರಬೇಕು, ಏಕೆಂದರೆ ಕಪ್ಸ್ ಆ ಕ್ಷಣದಲ್ಲೇ ಅದನ್ನು ಮಾತನಾಡಿಸಿ ಅದರ ಗುಣಗಳನ್ನು ಬರೆದಿಟ್ಟುಕೊಳ್ಳುತ್ತದೆ. ಅವಾಹಿಯನ್ನು ತೆಗೆದುಹಾಕಿದೆ, ಮುದ್ರಣ ನಿಲ್ಲಲಿಲ್ಲ. ನಿದ್ರಿಸುತ್ತಿದ್ದ ಪ್ರಿಂಟರ್ ಕೂಡ ಪುಟ ಬಂದೊಡನೆ ತಾನಾಗಿಯೇ ಎದ್ದಿತು.

ಹುಡುಕಾಟವನ್ನು ಬಿಡುವುದರಿಂದ ಇನ್ನೊಂದು ನೆಮ್ಮದಿಯೂ ಇದೆ. ಜಾಲದ ಪ್ರಿಂಟರುಗಳನ್ನು ತಾನೇ ಸೇರಿಸಿಕೊಳ್ಳುವ ಕಪ್ಸ್-ಬ್ರೌಸ್ಡ್ ಎಂಬ ಸೇವೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಗಂಭೀರವಾದ ಭದ್ರತಾ ದೋಷ ಬಯಲಿಗೆ ಬಂತು: ಅದು 631ನೆಯ ಯುಡಿಪಿ ಪೋರ್ಟಿನಲ್ಲಿ ಕಿವಿ ತೆರೆದು ಕೂತು, ಯಾರು ‘ನಾನೊಂದು ಪ್ರಿಂಟರ್’ ಎಂದರೂ ನಂಬುತ್ತಿತ್ತು. ಆ ದೋಷಕ್ಕೆ ತೇಪೆ ಬಂದಿದೆ. ಆದರೂ ಜಾಲದಲ್ಲಿ ಒಂದೇ ಪ್ರಿಂಟರ್ ಇರುವ ಮನೆಯಲ್ಲಿ ಆ ಸೇವೆಗೆ ಏನು ಕೆಲಸ ಎಂಬುದು ನನಗೆ ತಿಳಿಯದು; ನೆಟ್‌ಬುಕ್ಕಿನಲ್ಲಿ ಅದನ್ನು ಹಾಕಿಯೇ ಇಲ್ಲ.

ಡ್ರೈವರ್ ಇಲ್ಲದ ದಾರಿಗೂ ಒಂದು ಬೆಲೆ ಇದೆ, ಅದನ್ನು ತೆರುವುದು ಪ್ರೊಸೆಸರ್. ಪ್ರಿಂಟರಿಗೆ ಪಿಡಿಎಫ್ ನೇರವಾಗಿ ಅರ್ಥವಾಗದಿದ್ದರೆ, ಕಂಪ್ಯೂಟರೇ ಇಡೀ ಪುಟವನ್ನು ಚುಕ್ಕೆಗಳ ಚಿತ್ರವಾಗಿ ಬಿಡಿಸಿ ಕಳುಹಿಸಬೇಕಾಗುತ್ತದೆ. 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ, ಒಂದು ಎ4 ಹಾಳೆಯೆಂದರೆ ಸುಮಾರು 4,960 ಅಡ್ಡ ಚುಕ್ಕೆಗಳು, 7,016 ಉದ್ದ ಚುಕ್ಕೆಗಳು, ಒಟ್ಟು ಮೂರೂವರೆ ಕೋಟಿಯ ಹತ್ತಿರ. ಒಂದೊಂದು ಚುಕ್ಕೆಗೆ ಒಂದು ಬೈಟ್ ಹಿಡಿದರೆ ಪುಟವೊಂದಕ್ಕೆ ಸುಮಾರು 35 ಎಂಬಿ. ಲ್ಯಾಪ್‌ಟಾಪಿಗೆ ಇದು ಗೊತ್ತೇ ಆಗುವುದಿಲ್ಲ. ಆಟಮ್ ಮಾತ್ರ, ಚಿತ್ರಗಳಿರುವ ಇಪ್ಪತ್ತು ಪುಟಗಳ ಪಿಡಿಎಫ್ ಕೊಟ್ಟಾಗ ಎರಡು ಹಾಳೆಗಳ ನಡುವೆ ಪ್ರಿಂಟರ್ ನಿಟ್ಟುಸಿರು ಬಿಡುವಷ್ಟು ತಡ ಮಾಡಿತು. ರೆಸಲ್ಯೂಶನ್ ಅನ್ನು 300ಕ್ಕೆ ಇಳಿಸಿದರೆ ಚುಕ್ಕೆಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ. ಬರಹ ಓದಲು ಅದು ಸಾಕು, ಆದರೆ ಕನ್ನಡದ ಸಣ್ಣ ಅಕ್ಷರಗಳಲ್ಲಿ ಒತ್ತುಗಳ ಅಂಚು ಸ್ವಲ್ಪ ಒರಟಾಗಿ ಕಾಣುತ್ತದೆ.

ಎರಡನೆಯ ದಾರಿ ತಯಾರಕರೇ ಕೊಡುವ ಡ್ರೈವರ್. ನನ್ನ ವೈಫೈ ಪ್ರಿಂಟರಿನ ಕಂಪನಿ ಲಿನಕ್ಸಿಗೂ ಡೆಬ್ ಪ್ಯಾಕೇಜನ್ನು (ಡೆಬಿಯನ್ ಬಗೆಯ ಲಿನಕ್ಸಿನಲ್ಲಿ ಹಾಕಿಕೊಳ್ಳುವ ಕಡತ) ಒದಗಿಸುತ್ತದೆ ಎಂಬುದು ಸಂತೋಷದ ಸಂಗತಿ. ಒಳಗಿರುವ ಫಿಲ್ಟರ್ 32 ಬಿಟ್‌ನದ್ದು ಎಂಬುದು ಆಮೇಲೆ ತಿಳಿಯುವ ಸಂಗತಿ. ಹಳೆಯ ನೆಟ್‌ಬುಕ್ಕಿನಲ್ಲಿ ಅದು ಮರುಮಾತಿಲ್ಲದೆ ಕೂತುಕೊಂಡಿತು. ಅದಕ್ಕಿಂತ ಹೊಸದಾದ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಪ್ಸ್ ‘ಫಿಲ್ಟರ್ ಫೇಲ್ಡ್’ ಎಂದಷ್ಟೇ ಹೇಳಿ ಸುಮ್ಮನಾಯಿತು. 32 ಬಿಟ್ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಸೇರಿಸಿದ ಮೇಲಷ್ಟೇ ಪುಟ ಹೊರಬಂತು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಂಥ, ಬೇರೆ ಬಗೆಯ ಆರ್ಮ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಆ ಪ್ಯಾಕೇಜಿಗೆ ಬಾಗಿಲೇ ಇಲ್ಲ. ಇದರ ಪರವಾಗಿ ಹೇಳಬೇಕಾದ ಮಾತೂ ಒಂದಿದೆ: ಟೋನರ್ ಉಳಿತಾಯ, ಮಸಿಯ ದಟ್ಟತೆ, ದಪ್ಪ ಕಾಗದದ ಆಯ್ಕೆಗಳೆಲ್ಲ ಇಲ್ಲಿ ಪೂರ್ತಿಯಾಗಿ ಸಿಗುತ್ತವೆ, ಎವೆರಿವೇರ್ ದಾರಿಯಲ್ಲಿ ನನಗೆ ಕಂಡದ್ದು ಅವುಗಳಲ್ಲಿ ಕೆಲವು ಮಾತ್ರ. ಹಿಂದೆ ಸ್ಕ್ಯಾನರಿಗಾಗಿಯಾದರೂ ಕಂಪನಿಯ ಡ್ರೈವರ್ ಬೇಕಾಗುತ್ತಿತ್ತು. ಈಗ ಡೆಬಿಯನ್‌ನಲ್ಲೇ ಇರುವ ಸೇನ್-ಏರ್‌ಸ್ಕ್ಯಾನ್ ಎಂಬ ಸ್ಕ್ಯಾನರ್ ತಂತ್ರಾಂಶ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ.

ಮೂರನೆಯದು 9100ನೆಯ ಪೋರ್ಟಿಗೆ ನೇರವಾಗಿ ಬರೆಯುವ ಹಳೆಯ ಪದ್ಧತಿ, ಜೆಟ್‌ಡೈರೆಕ್ಟ್ ಎಂದು ಹೆಸರಾದದ್ದು. ವಿಳಾಸದಲ್ಲಿ ಐಪಿಪಿ ಬದಲು ಸಾಕೆಟ್ ಎಂದು ಕೊಟ್ಟು, ಪಿಸಿಎಲ್ 6 ಎಂಬ ಪ್ರಿಂಟರ್ ಭಾಷೆಯ ಸಾಮಾನ್ಯ ಡ್ರೈವರ್ ಆರಿಸಿದೆ. ಅಚ್ಚರಿಯೆಂದರೆ ನೆಟ್‌ಬುಕ್ಕಿನಲ್ಲಿ ಬರಿಯ ಬರಹದ ಪುಟಗಳು ಎಲ್ಲಕ್ಕಿಂತ ಬೇಗ ಹೊರಬಂದದ್ದು ಈ ದಾರಿಯಲ್ಲೇ, ಏಕೆಂದರೆ ಇಲ್ಲಿ ಚುಕ್ಕೆಗಳ ಇಡೀ ಚಿತ್ರವನ್ನು ಹೊರುವ ಬದಲು ಪುಟವನ್ನು ಬಿಡಿಸುವ ಸೂಚನೆಗಳು ಹೋಗುತ್ತವೆ, ಬಿಡಿಸುವ ಶ್ರಮ ಪ್ರಿಂಟರಿನದು. ಆದರೆ ಇದು ಬಾವಿಗೆ ಕಲ್ಲು ಹಾಕಿದಂತೆ. ಕಾಗದ ಮುಗಿದಿದೆಯೇ, ಹಾಳೆ ಸಿಕ್ಕಿಕೊಂಡಿದೆಯೇ ಎಂಬುದು ಕಪ್ಸ್‌ಗೆ ಸರಿಯಾಗಿ ತಿಳಿಯುವುದಿಲ್ಲ. ಕಳುಹಿಸಿ ಆಯಿತು ಎಂದರೆ ಅದರ ಲೆಕ್ಕದಲ್ಲಿ ಮುದ್ರಣವೂ ಆಯಿತು. ಡ್ರೈವರ್ ತಪ್ಪಾಗಿ ಆರಿಸಿದ ದಿನ ಒಂದೊಂದು ಸಾಲು ಅರ್ಥವಿಲ್ಲದ ಚಿಹ್ನೆಗಳಿರುವ ಹಾಳೆಗಳು ಒಂದರ ಹಿಂದೊಂದು ಬೀಳುತ್ತಲೇ ಇದ್ದವು, ತಟ್ಟೆಯನ್ನು ಎಳೆದು ನಿಲ್ಲಿಸಬೇಕಾಯಿತು. ಮೇಲಾಗಿ ಎಲ್‌ಪಿಅಡ್ಮಿನ್ ಇಂಥ ಸರದಿ (ಕಪ್ಸ್‌ನಲ್ಲಿ ಒಂದು ಪ್ರಿಂಟರಿಗೆಂದು ನೋಂದಾಯಿಸಿದ ಸಾಲು) ಮಾಡಿದಾಗಲೆಲ್ಲ, ಪ್ರಿಂಟರ್ ಡ್ರೈವರುಗಳು ಕಪ್ಸ್‌ನ ಮುಂದಿನ ಆವೃತ್ತಿಯೊಂದರಲ್ಲಿ ಕೆಲಸ ಮಾಡುವುದಿಲ್ಲ ಎಂಬ ಎಚ್ಚರಿಕೆಯನ್ನು ಕೊಡುತ್ತದೆ.

ನಾಲ್ಕನೆಯ ದಾರಿ ಯುಎಸ್‌ಬಿ ಲೇಸರಿಗಾಗಿ ಅನಿವಾರ್ಯವಾದದ್ದು. 1 ಜಿಬಿ ರ‍್ಯಾಮ್ ಇರುವ ರಾಸ್ಪ್‌ಬೆರಿ ಪೈ 3ಕ್ಕೆ ಪ್ರಿಂಟರನ್ನು ಸಿಕ್ಕಿಸಿ, ಅಲ್ಲಿ ಕಪ್ಸ್ ಹಾಕಿ, ಸರದಿಯನ್ನು ಜಾಲಕ್ಕೆ ಹಂಚಿದೆ. ಈ ಜಾತಿಯ ಪ್ರಿಂಟರ್ ಆಫ್ ಆದಾಗ ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ನಡೆಸುವ ಒಳ ತಂತ್ರಾಂಶವನ್ನು, ಮರೆತುಬಿಡುತ್ತದೆ; ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದನ್ನು ಉಣಿಸಬೇಕು. ಫೂ2ಝಡ್‌ಜೆಎಸ್ ಡ್ರೈವರ್ ಆ ಕೆಲಸವನ್ನು ತಾನಾಗಿ ಮಾಡುತ್ತದೆ, ಆದ್ದರಿಂದ ಕರೆಂಟು ಹೋಗಿ ಬಂದರೂ ಚಿಂತೆಯಿಲ್ಲ. ತೊಡಕು ಬಂದದ್ದು ಬೇರೆ ಎರಡು ಕಡೆ. ಕಪ್ಸ್ ಮೂಲತಃ ತನ್ನ ಯಂತ್ರದ ಮಾತನ್ನಷ್ಟೇ ಕೇಳುತ್ತದೆ, ಹೊರಗಿನವರಿಗೆ ಬಾಗಿಲು ತೆರೆಯಲು ಕಪ್ಸ್‌ಸಿಟಿಎಲ್ ಆದೇಶದಿಂದ ಹಂಚಿಕೆಯನ್ನು ಚಾಲೂ ಮಾಡಬೇಕು. ಪೈಗೆ ನಾನು ರೌಟರಿನಲ್ಲಿ ಇಟ್ಟ ಅಡ್ಡಹೆಸರಿನಿಂದ ಕರೆದಾಗ ‘ಬ್ಯಾಡ್ ರಿಕ್ವೆಸ್ಟ್’ ಎಂಬ ಉತ್ತರ ಬಂತು. ಪೈನ ಕಪ್ಸ್ ಸಂರಚನಾ ಕಡತದ ಸರ್ವರ್‌ಅಲಿಯಾಸ್ ಸಾಲಿನಲ್ಲಿ ಆ ಹೆಸರನ್ನು ಬರೆಯಬೇಕು, ಇಲ್ಲವೇ ಐಪಿ ಅಂಕಿಗಳಿಂದಲೇ ಕರೆಯಬೇಕು.

ಇಷ್ಟು ಮಾಡಿದ ಮೇಲೆ ನೆಟ್‌ಬುಕ್ಕಿನ ಮಟ್ಟಿಗೆ ನಾಲ್ಕರಲ್ಲಿ ಅತ್ಯಂತ ಹಗುರವಾದದ್ದು ಇದೇ ಎಂದು ಕಂಡುಬಂತು. ಪೈನಲ್ಲಿರುವ ಕಪ್ಸ್ ಪಿಡಿಎಫ್ ಅನ್ನು ಹಾಗೆಯೇ ಸ್ವೀಕರಿಸುತ್ತದೆ. ನೆಟ್‌ಬುಕ್ ಕಡತವನ್ನು ಅತ್ತ ದಾಟಿಸಿ ಕೈತೊಳೆದುಕೊಳ್ಳುತ್ತದೆ, ಚುಕ್ಕೆ ಬಿಡಿಸುವ ಶ್ರಮವೆಲ್ಲ ಪೈ ಪಾಲಿಗೆ. ಇದು ಗೊತ್ತಾದ ಮೇಲೆ ವೈಫೈ ಪ್ರಿಂಟರಿಗೂ ಪೈನಲ್ಲಿ ಎವೆರಿವೇರ್ ಸರದಿಯೊಂದನ್ನು ಮಾಡಿ ಹಂಚಿದೆ. ಆಟಮ್ ತಡವರಿಸುತ್ತಿದ್ದ ಆ ಇಪ್ಪತ್ತು ಪುಟಗಳು ಈ ಸುತ್ತುದಾರಿಯಲ್ಲೇ ಬೇಗ ಹೊರಬಂದವು.

ಕನ್ನಡದ ಬಗ್ಗೆ ಒಂದು ಮಾತು, ಏಕೆಂದರೆ ಅದಕ್ಕೂ ಪ್ರಿಂಟರನ್ನೇ ಬೈಯುವವರನ್ನು ಕಂಡಿದ್ದೇನೆ. ಲಿಬ್ರೆಆಫೀಸಿನಿಂದಾಗಲಿ ಬ್ರೌಸರಿನಿಂದಾಗಲಿ ಮುದ್ರಿಸಿದ ಯೂನಿಕೋಡ್ ಕನ್ನಡ ನಾಲ್ಕೂ ದಾರಿಗಳಲ್ಲಿ ಪರದೆಯ ಮೇಲೆ ಇದ್ದಂತೆಯೇ ಬಂತು. ಆದರೆ ಬರಿಯ ಟೆಕ್ಸ್ಟ್ ಕಡತವೊಂದನ್ನು ಎಲ್‌ಪಿ ಆದೇಶಕ್ಕೆ ನೇರವಾಗಿ ಕೊಟ್ಟಾಗ ನಾಲ್ಕರಲ್ಲೂ ಕೆಟ್ಟಿತು. ಟೆಕ್ಸ್ಟನ್ನು ಪಿಡಿಎಫ್ ಮಾಡುವ ಫಿಲ್ಟರಿಗೆ ಒತ್ತಕ್ಷರಗಳನ್ನು ಕೂಡಿಸುವ ಬುದ್ಧಿ ಇಲ್ಲ. ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಪ್ಯಾಂಗೋ ತಂತ್ರಾಂಶವನ್ನು ಬಳಸುವ ಪ್ಯಾಪ್ಸ್ ಎಂಬ ಪುಟ್ಟ ಉಪಕರಣದ ಮೂಲಕ ಹಾಯಿಸಿ ಕಳುಹಿಸಿದರೆ ಅಕ್ಷರಗಳು ಸರಿಯಾಗುತ್ತವೆ.

ಸದ್ಯ ಲ್ಯಾಪ್‌ಟಾಪಿನಿಂದ ವೈಫೈ ಪ್ರಿಂಟರಿಗೆ ಸ್ಥಿರ ವಿಳಾಸದ ಐಪಿಪಿ ಸರದಿ ಇದೆ, ನೆಟ್‌ಬುಕ್ಕಿನಿಂದ ಎರಡೂ ಪ್ರಿಂಟರುಗಳಿಗೆ ಪೈ ಮೂಲಕ. ಪೈ ಆಫ್ ಆಗಿದ್ದರೆ ಇರಲಿ ಎಂದು ನೆಟ್‌ಬುಕ್ಕಿನಲ್ಲಿ 192.168.1.50ರ ಸರದಿಯನ್ನೂ ಉಳಿಸಿಕೊಂಡಿದ್ದೇನೆ. ತಯಾರಕರ ಪ್ಯಾಕೇಜನ್ನು ಎರಡೂ ಕಂಪ್ಯೂಟರುಗಳಿಂದ ತೆಗೆದುಹಾಕಿದೆ. ಟೋನರ್ ಉಳಿತಾಯವನ್ನು ಪ್ರಿಂಟರಿನದೇ ವೆಬ್ ಪುಟದಲ್ಲಿ ಒಮ್ಮೆ ಆರಿಸಿಟ್ಟರೆ ಎಲ್ಲ ದಾರಿಗಳಿಗೂ ಅದು ಅನ್ವಯಿಸುತ್ತದೆ ಎಂಬುದು ಕೊನೆಗೆ ತಿಳಿಯಿತು.